ತಟ್ಟೆ ಮುಂದಿನ ಮಾತು

"ಮೈಕ್ ಅವಳ ಕೈಗೆ ಕೊಡಪ್ಪಾ," ಅಂದರು ಮಾತಿಯಸ್. "ಅವಳೇ ಹೇಳ್ಲಿ."

ಪೆಂಡಾಲಿನ ಕೆಳಗೆ ಕೂತಿದ್ದವರೆಲ್ಲ ಒಮ್ಮೆಗೇ ತಿರುಗಿದರು. ಇಡ್ಲಿಯಂಥ ಸಾನ್ನಾ ತುಂಬಿದ ಬುಟ್ಟಿ ಹಿಡಿದು ಮೇಜಿಂದ ಮೇಜಿಗೆ ಬಡಿಸುತ್ತಿದ್ದ ಲುಜಿಯಾ ಇದ್ದಲ್ಲೇ ನಿಂತುಬಿಟ್ಟಳು.

ಪಿಟೀಲನ್ನು ಕುರ್ಚಿ ಮೇಲಿಟ್ಟು ಒಬ್ಬ ಯುವಕ ಅವಳ ಕಡೆಗೆ ನಡೆದು ಬಂದ. ಬೆಳಿಗ್ಗೆಯಿಂದ ಕಾರ್ಯಕ್ರಮ ನಡೆಸುತ್ತಿದ್ದವನು ಅವನೇ. ನಗಿಸುತ್ತಿದ್ದ, ನಡುವೆ ಪಿಟೀಲು ನುಡಿಸುತ್ತಿದ್ದ. ಎವರಿಸ್ತ್ ಅಂತ ಯಾರೋ ಕರೆದದ್ದು ಅವಳ ಕಿವಿಗೆ ಬಿದ್ದಿತ್ತು.

"ಎರಡು ಮಾತು ಸಾಕು," ಅಂದ ಮೆಲ್ಲಗೆ. "ಹೆದರ್ಬೇಡಿ."

"ಹೆದರಿದ್ದೀನಿ ಅಂತ ನಿಮಗೆ ಯಾರು ಹೇಳಿದ್ರು?"

ಅವನು ಹುಬ್ಬೇರಿಸಿದ. ಬುಟ್ಟಿಯನ್ನು ತಾನೇ ಇಸಿದುಕೊಂಡು, ಮೈಕನ್ನು ಅವಳ ಕೈಗಿಟ್ಟ.

ಅವತ್ತು ಮಾತಿಯಸ್ ಮತ್ತು ಕೊನ್ಸು ದಂಪತಿಯ ಮದುವೆಯ ಬೆಳ್ಳಿಹಬ್ಬ. ಕುಡ್ತರಿಯ ಅರ್ಧ ಊರೇ ಊಟಕ್ಕೆ ಬಂದಿತ್ತು. ಕೊನ್ಸು ಲುಜಿಯಾಳ ತಾಯಿಯ ತಂಗಿ, ಅವಳ ಮಾವ್ಶಿ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಪುಟ್ಟ ಹುಡುಗಿಯನ್ನು ಮಾವ್ಶಿ ಕೈಹಿಡಿದು ಈ ಮನೆಗೆ ಕರೆತಂದಾಗ ಮಾತಿಯಸ್ ಬೇಡ ಅನ್ನಲಿಲ್ಲ. ಹಾಗೆ ಬೇಡ ಅನ್ನದೇ ಇದ್ದದ್ದನ್ನು ಅವರು ಒಂದು ದಿನವೂ ಮರೆಯಲಿಲ್ಲ. ಅವಳಿಗೂ ಮರೆಯಲು ಬಿಡಲಿಲ್ಲ.

ಊಟದ ಹೊತ್ತಿಗೆ ಮಾತಿಯಸ್ ಅವಳ ತಟ್ಟೆಯನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡು ಕಾಯುತ್ತಿದ್ದರು.

"ಏನು ಹೇಳ್ಬೇಕು?"

"ದೇವ್ ಬರೆಂ ಕರುಂ, ತೀವ್." ದೇವರು ನಿಮಗೆ ಒಳ್ಳೇದು ಮಾಡಲಿ, ಚಿಕ್ಕಪ್ಪ.

ಅದಾದ ಮೇಲೆ ತಟ್ಟೆ ಕೆಳಗಿಳಿಯುತ್ತಿತ್ತು. ಅವರ ಸ್ವಂತ ಮಕ್ಕಳು ಏನೂ ಹೇಳಬೇಕಾಗಿರಲಿಲ್ಲ. ಅವಳು ದೊಡ್ಡವಳಾಗಿ, ಮನೆಯವರಿಗೆಲ್ಲ ತಾನೇ ಅಡುಗೆ ಮಾಡಿ ಬಡಿಸುವಂತಾದ ಮೇಲೂ ಅವಳು ತಿನ್ನುವ ಮುಂಚೆ ಆ ಕಣ್ಣು ಕಾಯುತ್ತಲೇ ಇತ್ತು.

ಅಮ್ಮ ಕಲಿಸಿಕೊಟ್ಟಿದ್ದ ಮಾತು ಅದು. ಬಸ್ಸಿಂದ ಇಳಿಯುವಾಗ, ಬ್ರೆಡ್ಡಿನವನು ಬಿಸಿ ಪೊಯ್ ಕೈಗಿಟ್ಟಾಗ ಅಮ್ಮ ನಗುತ್ತಾ ಹೇಳುತ್ತಿದ್ದ ಮಾತು. ಈ ಮನೆಯಲ್ಲಿ ಅದು ಸವೆದು ಸವೆದು ಬರೀ ಸಪ್ಪಳವಾಗಿತ್ತು.

ಇವತ್ತು ಮಾತಿಯಸ್ ವೈನ್ ಗ್ಲಾಸು ಎತ್ತಿ ಭಾಷಣ ಮಾಡಿದ್ದರು. "ಹೆತ್ತವರಿಲ್ಲದ ಹುಡುಗಿ. ಸಾಕಿದೆ, ಓದಿಸಿದೆ. ಈಗ ದಡ ಸೇರಿಸ್ತಾ ಇದ್ದೀನಿ. ನಮ್ಮ ಪಕ್ಕದ ಮನೆ ಪ್ಲಾಸಿದ್ ಅವಳ ಕೈ ಹಿಡಿಯೋಕೆ ಒಪ್ಪಿದ್ದಾನೆ."

ಪ್ಲಾಸಿದ್‌ಗೆ ಅವಳ ಎರಡರಷ್ಟು ವಯಸ್ಸು. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಒಲೆ ಹೊತ್ತಿಸುವವರಿರಲಿಲ್ಲ. ಬೆಳಿಗ್ಗೆ ಕಾಯಿ ರುಬ್ಬುತ್ತಿದ್ದಾಗ ಸುದ್ದಿ ಹೇಳಿದ್ದರು, ಅವಳು ಅಲ್ಲೇ ಬೇಡ ಅಂದಿದ್ದಳು. "ಜನರ ಮುಂದೆ ಹೇಗೆ ಬೇಡ ಅಂತೀಯ ನೋಡೋಣ," ಅಂದಿದ್ದರು ಮಾತಿಯಸ್.

ನೋಡಲಿ.

"ನಮಸ್ಕಾರ," ಅಂದಳು ಲುಜಿಯಾ. ಮೈಕಿನಲ್ಲಿ ತನ್ನದೇ ದನಿ ಕೇಳಿ ಒಂದು ಕ್ಷಣ ತಡೆದಳು. "ನನಗೆ ಕೆಲವರಿಗೆ ಥ್ಯಾಂಕ್ಸ್ ಹೇಳೋದಿದೆ."

ಮಾತಿಯಸ್ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹಿತ್ತಲಲ್ಲಿ ಹೊಗೆ ತಿಂದು ನೀವೀಗ ತಿಂತಿರೋ ಶಕುತಿ ಸಾರು ಮಾಡಿದ ಅಡುಗೆಯಮ್ಮ ಸಾಂತಾನ್ ಬಾಯ್‌ಗೆ. ಪಾತ್ರೆ ತೊಳೀತಿರೋ ರೋಜಾಗೆ, ಅವಳಿನ್ನೂ ಊಟ ಮಾಡಿಲ್ಲ. ಮಡಗಾಂವ್ ಬಸ್ಸಿನ ಕಂಡಕ್ಟರ್‌ಗೆ, ನಾನು ಕೆಲಸಕ್ಕೆ ಓಡಿಬರೋದು ಕಂಡ್ರೆ ಸೀಟಿ ಊದದೆ ಕಾಯ್ತಾನೆ. ಮೀನು ಮಾರೋ ಆಗ್ನೆಲ್‌ಗೆ, ನಮ್ಮಮ್ಮನ ಹೆಸರು ಈಗಲೂ ಹೇಳೋಳು ಈ ಊರಲ್ಲಿ ಅವಳೊಬ್ಬಳೇ. ದೇವ್ ಬರೆಂ ಕರುಂ."

"ಮತ್ತೆ?" ಅಂದರು ಮಾತಿಯಸ್. ನಗು ಇನ್ನೂ ಮುಖದ ಮೇಲಿತ್ತು.

"ಅಷ್ಟೇ, ತೀವ್. ನಿಮಗೆ ಪ್ರತಿ ಊಟಕ್ಕೂ ಹೇಳಿದ್ದೀನಿ, ಅದು ಮುಗೀತು. ಇನ್ನು ಕೇಳಿದ್ರೆ ಸಿಗಲ್ಲ. ಪ್ಲಾಸಿದ್ ಅವರೇ, ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ನಾನು ನಿಮ್ಮನ್ನ ಮದುವೆ ಆಗಲ್ಲ."

ಯಾರದೋ ಕೈಯಿಂದ ಚಮಚ ತಟ್ಟೆಗೆ ಬಿತ್ತು.

"ಮೈಕ್ ಆಫ್ ಮಾಡೋ!" ಮಾತಿಯಸ್ ಕೂಗಿದರು.

ಎವರಿಸ್ತ್ ಅಲ್ಲಾಡಲಿಲ್ಲ. ಅವಳು ತಾನಾಗಿಯೇ ಮೈಕ್ ವಾಪಸ್ ಕೊಡುವವರೆಗೂ ಕಾದ. ಅವನ ತುಟಿಯಂಚಿನಲ್ಲಿ ಸಣ್ಣ ನಗು ಕಂಡಿತು.

'ಇವನಿಗೂ ತಮಾಷೆ...' ಲುಜಿಯಾಳ ಕೆನ್ನೆ ಉರಿಯಿತು.

ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಹಿತ್ತಲ ಬಾಗಿಲಿಂದ ಹೊರಟಾಗ ಅವನು ಅಲ್ಲಿ ನಿಂತಿದ್ದ.

"ಒಂದು ಮಾತು ಕೇಳ್ಲಾ? ಅವರಿಗೂ ಒಂದ್ಸಲ ಹೇಳಿಬಿಟ್ಟಿದ್ರೆ, ಮದುವೆ ಬೇಡ ಅಂದಿದ್ರೂ ಮನೇಲಿ ಇರಬಹುದಿತ್ತಲ್ಲ?"

"ಇರಬಹುದಿತ್ತು. ಮನೇಲಿ ಬೆಕ್ಕೂ ಇದೆ."

"ನಾನು ಹೇಳಿದ್ದು..."

"ನೀವು ಜನರನ್ನ ಹೊಗಳೋ ಕೆಲಸದೋರು. ನಿಮಗೆ ಅರ್ಥ ಆಗಲ್ಲ, ಬಿಡಿ."

ಅವಳು ತಿರುಗಿ ನೋಡದೆ ನಡೆದಳು.

ಮೊದಲು ಹೋಗಿದ್ದು ಪಾತ್ರೆ ತೊಳೆಯುವ ರೋಜಾಳ ಮನೆಗೆ. ಎರಡು ದಿನದಲ್ಲೇ ರೋಜಾ ಸುದ್ದಿ ತಂದಳು. ಪಕ್ಕದ ರಾಯ್ ಹಳ್ಳಿಯಲ್ಲಿ ಬಿಬಿಯಾನಾ ಅನ್ನುವ ಮುದುಕಿಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಇದೆಯಂತೆ. ಲುಜಿಯಾ ಮಡಗಾಂವ್‌ನಲ್ಲಿ ಬಟ್ಟೆ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಬಾಡಿಗೆ ಹೇಗೋ ಆಗುತ್ತಿತ್ತು.

ಅಲ್ಲಿಗೆ ಹೋದ ಮೊದಲ ವಾರವೇ, ಸಂಜೆ ಜಗಲಿಯಲ್ಲಿ ಪಿಟೀಲಿನ ಸದ್ದು.

"ನೀವಾ?"

"ನಾನೇ," ಅಂದ ಎವರಿಸ್ತ್. "ಬಿಬಿಯಾನಾ ನನ್ನ ಮಾದ್ರಿನ್. ನನಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿಕೊಂಡಿದ್ದೋಳು. ವಾರಕ್ಕೆರಡು ದಿನ ಬಂದು ನುಡಿಸದಿದ್ರೆ ಬೈತಾಳೆ."

"ನಾನ್ಯಾಕೆ ಬೈಲಿ?" ಒಳಗಿಂದ ಮುದುಕಿಯ ದನಿ. "ತಪ್ಪು ನುಡಿಸಿದ್ರೆ ಬೈತೀನಿ. ಅಂದ್ರೆ ಬಂದಾಗಲೆಲ್ಲ ಬೈತೀನಿ."

ಲುಜಿಯಾಗೆ ನಗು ತಡೆಯಲಾಗಲಿಲ್ಲ. ಆ ಮನೆ ಬಿಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಅವನು ಚರ್ಚಿನ ಶಾಲೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದ. ಮಾತು ಕಡಿಮೆ. ಮೈಕ್ ಹಿಡಿದಾಗ ಮಾತ್ರ ಬಾಯಿ ಬರುತ್ತದೆ ಅಂತ ಬಿಬಿಯಾನಾ ಛೇಡಿಸುತ್ತಿದ್ದಳು. ಒಂದು ಸಂಜೆ ಬಾವಿಯ ರಾಟೆ ಕಿರುಗುಟ್ಟುವುದನ್ನು ಕೇಳಿ, ಏನೂ ಹೇಳದೆ ಎಣ್ಣೆ ಹಾಕಿ, ಸವೆದ ಹಗ್ಗ ಬದಲಾಯಿಸಿದ.

"ದೇವ್ ಬರೆಂ ಕರುಂ," ಅಂದಳು ಲುಜಿಯಾ.

"ಅಯ್ಯೋ, ಅದೇನು ಮಹಾ. ಬಿಡಿ."

"ಯಾಕೆ ಬಿಡ್ಲಿ?" ಅವಳು ಕೊಡ ಕೆಳಗಿಟ್ಟಳು. "ದಿನಾ ಬೆಳಿಗ್ಗೆ ನೀರು ಸೇದುವಾಗ ನನ್ನ ಅಂಗೈ ತರಚ್ತಿತ್ತು, ಇನ್ಮೇಲೆ ತರಚಲ್ಲ. ಅದು ನನಗೆ ಮಹಾ. ಬಲವಂತಕ್ಕೆ ಹೇಳಿ ಹೇಳಿ ಸಾಕಾಗಿದ್ದ ಮಾತನ್ನ ಈಗ ನನ್ನಿಷ್ಟಕ್ಕೆ ಹೇಳ್ತಿದ್ದೀನಿ. ಬಿಡಿ ಅಂತ ಅದನ್ನ ಬಾವಿಗೆ ಎಸೀಬೇಡಿ."

ಅವನು ಅವಳನ್ನೇ ನೋಡಿದ. ಕಿವಿ ಕೆಂಪಾಯಿತು.

"ಸರಿ. ತಗೊಂಡೆ."

ಅಂದಿನಿಂದ ಅವಳು ಹುಡುಕಿ ಹುಡುಕಿ ಹೇಳತೊಡಗಿದಳು. ಬಿಬಿಯಾನಾ ತೂಕಡಿಸುವಾಗ ಅವನು ತಂತಿಯನ್ನು ಬೆರಳ ತುದಿಯಲ್ಲಿ ಸದ್ದಾಗದಂತೆ ಶ್ರುತಿ ಮಾಡುವುದಕ್ಕೆ. ಹೆಚ್ಚು ಸುಟ್ಟ ಪೊಯ್ ತಾನಿಟ್ಟುಕೊಂಡು ಮೆತ್ತಗಿನದು ತಮ್ಮಿಬ್ಬರಿಗೆ ಬಿಡುವುದಕ್ಕೆ.

"ಇದನ್ನೆಲ್ಲ ಯಾರೂ ನೋಡಲ್ಲ ಅಂದ್ಕೊಂಡಿದ್ದೆ," ಅಂದ ಒಮ್ಮೆ.

"ನಾನು ನೋಡ್ತೀನಿ."

ಹೇಳಿ ಅವಳು ಸರಕ್ಕನೆ ಎದ್ದು ಒಳಗೆ ಹೋದಳು. 'ಇಷ್ಟೊಂದು ಯಾಕೆ ನೋಡ್ತಿದ್ದೀನಿ ನಾನು...' ನೀವು ಅನ್ನುವುದು ಯಾವಾಗ ನೀನು ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಡಿಸೆಂಬರ್ ಹೊತ್ತಿಗೆ ಬಿಬಿಯಾನಾ ಇಬ್ಬರನ್ನೂ ನೋಡಿ ಸುಮ್ಮಸುಮ್ಮನೆ ಕೆಮ್ಮಲು ಶುರು ಮಾಡಿದ್ದಳು.

ಆಗಲೇ ಒಂದು ದಿನ ಮಡಗಾಂವ್ ಮಾರ್ಕೆಟ್ಟಿನಲ್ಲಿ ಮಾತಿಯಸ್ ಎದುರಾದರು.

"ಏನು, ಸ್ವಂತ ಕಾಲ ಮೇಲೆ ನಿಂತಿದ್ದೀಯಂತೆ?" ನಕ್ಕರು. "ಯಾರ ಕಾಲು ಅಂತ ಕೇಳಿದ್ಯಾ? ಆ ಪಿಟೀಲಿನವನು ಅವತ್ತು ನಮ್ಮನೆಯಿಂದ ನೇರ ಹೋಗಿ ಆ ಮುದುಕಿ ಹತ್ರ ನಿನಗೋಸ್ಕರ ಕೋಣೆ ಬೇಡಿದ್ದಾನೆ. ಬಾಡಿಗೆಗೆ ಕೊಡೋ ಕೋಣೆ ಅಲ್ವಂತೆ ಅದು. ನಿನಗೆ ಹೇಳ್ಬೇಡ ಅಂತ ರೋಜಾಳ ಬಾಯಿ ಮುಚ್ಚಿಸಿದ್ದಾನೆ. ನನ್ನ ಅನ್ನ ಬಿಟ್ಟು ಅವನ ಭಿಕ್ಷೆ ಹಿಡಿದೆ ನೀನು, ಅಷ್ಟೇ."

ಅವಳು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು, ಏನೂ ಕಾಣಲಿಲ್ಲ.

ಸಂಜೆ ಅವನು ಪಿಟೀಲು ಪೆಟ್ಟಿಗೆ ತೆಗೆಯುವ ಮೊದಲೇ ಕೇಳಿದಳು. "ಈ ಕೋಣೆ ನೀನು ಬೇಡಿ ಕೊಡಿಸಿದ್ದಾ?"

ಅವನ ಕೈ ನಿಂತಿತು. "ಕೇಳಿದ್ದೆ. ಹೌದು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬರ್ತಿರಲಿಲ್ಲ."

"ಬರ್ತಿರಲಿಲ್ಲವೋ ಏನೋ. ಅದು ನಾನು ತೀರ್ಮಾನ ಮಾಡಬೇಕಿತ್ತು!" ಅವಳು ಪಿಟೀಲು ಪೆಟ್ಟಿಗೆಯ ಮುಂದೆ ಬಂದು ನಿಂತಳು. "ಬಾವಿ ಹಗ್ಗಕ್ಕೆ, ಸುಟ್ಟ ಪೊಯ್‌ಗೆ ನಾನು ಥ್ಯಾಂಕ್ಸ್ ಹೇಳ್ತಾ ನಿಂತಿದ್ದಾಗ, ತಲೆ ಮೇಲಿನ ಸೂರೇ ನೀನು ಕೊಡಿಸಿದ್ದು ಅಂತ ನಿನಗೆ ಗೊತ್ತಿತ್ತು. ಮನಸ್ಸಲ್ಲೇ ಎಷ್ಟು ನಗು ಬಂದಿರಬೇಕು."

"ಲುಜಿಯಾ, ದೇವರಾಣೆ... ನನಗೆ ಥ್ಯಾಂಕ್ಸ್ ಬೇಕಿರಲಿಲ್ಲ."

"ಅದೇ! ತೀವ್ ನನ್ನಿಂದ ಕಿತ್ಕೊಂಡರು. ನೀನು ಕೊಡೋಕೆ ಅವಕಾಶಾನೇ ಇಲ್ಲದ ಹಾಗೆ ಬಚ್ಚಿಟ್ಟೆ. ನನ್ನ ಮಾತನ್ನ ನನ್ನ ಕೈಗೆ ಬಿಟ್ಟೋರು ಯಾರು?"

ಅವನು ಬಾಯಿ ತೆರೆದ. ಮೈಕ್ ಇಲ್ಲದ ಬಾಯಿ. ಮಾತು ಬರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

ಆಮೇಲೆ ಅವನು ಬರಲಿಲ್ಲ. ಲುಜಿಯಾ ಬಸ್ಸಿಂದ ಸುಮ್ಮನೆ ಇಳಿಯತೊಡಗಿದಳು. ಕಂಡಕ್ಟರ್ "ಏನ್ ಬಾಯ್, ಹುಷಾರಿಲ್ವಾ?" ಅಂತ ಕೇಳಿದರೂ ತಲೆಯಾಡಿಸಿ ನಡೆದಳು. ದೇವ್ ಬರೆಂ ಕರುಂ ಅನ್ನುವುದನ್ನೇ ಬಿಟ್ಟುಬಿಟ್ಟಿದ್ದಳು.

"ಅವನು ಕೇಳಿದ್ದು ನಿಜ," ಅಂದಳು ಬಿಬಿಯಾನಾ ಒಂದು ಬೆಳಿಗ್ಗೆ, ಚಹಾಗೆ ಪೊಯ್ ಅದ್ದುತ್ತಾ. "ಕೊಟ್ಟಿದ್ದು ನಾನು. ಹಿಂದಿನ ವರ್ಷ ಮೆಟ್ಟಿಲಲ್ಲಿ ಬಿದ್ದು ಮಧ್ಯಾಹ್ನದವರೆಗೂ ಹಾಗೇ ಬಿದ್ದಿದ್ದೆ, ಯಾರೂ ಬರಲಿಲ್ಲ. ಮನೇಲಿ ಇನ್ನೊಂದು ಹೆಜ್ಜೆ ಸದ್ದು ಬೇಕಿತ್ತು ನನಗೆ. ನಿನಗೆ ಉಪಕಾರ ಮಾಡೋಷ್ಟು ಒಳ್ಳೆಯೋಳಲ್ಲ ನಾನು. ಅವನ ಮೇಲೆ ಸಿಟ್ಟಿದ್ರೆ ಇಟ್ಕೋ, ಅದಕ್ಕೆ ಕಾರಣ ಇದೆ. ನನ್ನ ಕೋಣೆ ಮೇಲೆ ಸಿಟ್ಟು ಮಾಡ್ಕೋಬೇಡ."

ಲುಜಿಯಾ ಮುದುಕಿಯ ಕೈ ಮುಟ್ಟಿದಳು. ಆದರೂ ಎದೆಯ ಗಂಟು ಬಿಚ್ಚಲಿಲ್ಲ.

ಬಿಚ್ಚಿದ್ದು ಅಂಗಡಿಯಲ್ಲಿ. ಒಬ್ಬ ತಾಯಿ ಮಗಳನ್ನು ಕರೆತಂದಿದ್ದಳು, ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನಕ್ಕೆ ಬಿಳಿ ಗೌನು ಹೊಲಿಸಲು. ತನ್ನದೇ ಹಳೆಯ ಮದುವೆ ಗೌನನ್ನು ಮೇಜಿನ ಮೇಲೆ ಹರಡಿ, "ಇದನ್ನೇ ಕತ್ತರಿಸಿ ಮಾಡಿ ಬಾಯ್," ಅಂದಳು. ಲೇಸಿನ ಅಂಚಿಗೆ ಕತ್ತರಿ ಇಟ್ಟ ಲುಜಿಯಾಳ ಕೈ ಅಲ್ಲೇ ನಿಂತಿತು.

ತನ್ನ ಗೌನು...

ಅವಳ ಮೊದಲ ಪರಮಪ್ರಸಾದದ ಗೌನಿಗೂ ಅಂಥದೇ ಲೇಸು ಇತ್ತು. ಹೊಸ ಬಟ್ಟೆ ಯಾಕೆ, ಯಾರದಾದರೂ ಹಳೆಯದು ಹಾಕಿಕೊಳ್ಳಲಿ ಅಂದಿದ್ದರು ತೀವ್. ಆದರೂ ಆ ಭಾನುವಾರ ಚರ್ಚಿನಲ್ಲಿ ಅವಳ ಮೈಮೇಲೆ ಎಲ್ಲರಿಗಿಂತ ಚಂದದ ಗೌನು. 'ಕಾನ್ವೆಂಟಿನ ಸಿಸ್ಟರ್‌ಗಳು ಕೊಟ್ಟರು' ಅಂದಿದ್ದಳು ಮಾವ್ಶಿ. ಗೋಡೆ ಮೇಲಿನ ಮದುವೆ ಫೋಟೋದಲ್ಲಿ ಮಾವ್ಶಿ ತೊಟ್ಟಿದ್ದ ಲೇಸು ಅದೇ ಅಂತ ಇಷ್ಟು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ. ಆ ಮನೆಯಲ್ಲಿ ಕೊಟ್ಟದ್ದನ್ನೆಲ್ಲ ಎತ್ತಿ ಆಡಿದ್ದರು. ಅದೊಂದನ್ನು ಯಾರೂ ಎತ್ತಿರಲಿಲ್ಲ.

ಭಾನುವಾರ ಪೂಜೆ ಮುಗಿಸಿ ಅವಳು ನೇರ ಕುಡ್ತರಿಗೆ ಹೋದಳು. ಮನೆಯವರು ಊಟಕ್ಕೆ ಕೂತಿದ್ದರು.

"ಬಂತಾ ಬುದ್ಧಿ?" ಮಾತಿಯಸ್ ಕುರ್ಚಿಗೆ ಒರಗಿಕೊಂಡರು. "ಹೇಳು. ಕೇಳ್ತಾ ಇದ್ದೀನಿ."

"ನಿಮಗಲ್ಲ, ತೀವ್. ನಾನು ಬಂದಿದ್ದು ಮಾವ್ಶಿ ಹತ್ರ."

"ಈ ಮನೇಲಿ ಏನೇ ಹೇಳೋದಿದ್ರೂ ಮೊದಲು ನನಗೆ."

"ಈ ಮಾತು ಹಾಗಲ್ಲ." ಅವಳು ಅವರನ್ನು ದಾಟಿ ಮಾವ್ಶಿಯ ಮುಂದೆ ನಿಂತಳು. "ಮಾವ್ಶಿ, ನನ್ನ ಬಿಳಿ ಗೌನು... ಅದು ನಿಮ್ಮ ಮದುವೆ ಗೌನು. ಅಲ್ವಾ?"

ಸಾರಿನ ಸೌಟು ಹಿಡಿದಿದ್ದ ಕೊನ್ಸು ಗಂಡನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು.

"ಯಾಕೆ ಹೇಳಲಿಲ್ಲ ನನಗೆ?"

"ಹೇಳಿದ್ರೆ ಅದನ್ನೂ ಇವರು ಆಡಿ ತೋರಿಸ್ತಿದ್ರು, ಮಗಾ. ಅದಕ್ಕೂ ನಿನ್ನ ಹತ್ರ ಹೇಳಿಸ್ತಿದ್ರು. ಅದೊಂದಾದ್ರೂ ನಿನ್ನ ತಲೆ ಮೇಲೆ ಭಾರ ಆಗ್ಬಾರ್ದು ಅನ್ನಿಸ್ತು."

ಲುಜಿಯಾಳ ಕಣ್ಣು ತುಂಬಿತು. ಭಾರ ಆಗಬಾರದು... ಇದೇ ಮಾತನ್ನು ಹೇಳಲಾರದೆ ಒಬ್ಬ ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದನಲ್ಲ.

"ದೇವ್ ಬರೆಂ ಕರುಂ, ಮಾವ್ಶಿ," ಅಂದಳು. "ಯಾರೂ ಹೇಳಿಸಿದ್ದಲ್ಲ ಇದು."

ಕೊನ್ಸು ಸೌಟು ಇಟ್ಟಳು. ತನ್ನ ಉಡುಪಿನ ತೋಳಿನಲ್ಲೇ ಮುಖ ಒರೆಸಿಕೊಂಡಳು. ಒಂದು ಕುರ್ಚಿ ಎಳೆದು, ತಟ್ಟೆಗೆ ಅನ್ನ, ಮೀನಿನ ಸಾರು ಬಡಿಸಿ ಅವಳ ಮುಂದಿಟ್ಟಳು.

"ಕೂತ್ಕೋ. ಏನೂ ಹೇಳ್ಬೇಡ. ತಿನ್ನು."

"ಕೊನ್ಸು," ಅಂದರು ಮಾತಿಯಸ್ ಎಚ್ಚರಿಕೆಯ ದನಿಯಲ್ಲಿ. "ನನ್ನ ತಟ್ಟೆ ಎಲ್ಲಿ?"

ಕೊನ್ಸು ಅವರ ತಟ್ಟೆ ತುಂಬಿದಳು. ಆದರೆ ಮೇಜಿನ ಮೇಲಿಡಲಿಲ್ಲ. ಕೈಯಲ್ಲೇ ಹಿಡಿದುಕೊಂಡಳು.

"ಬೆಳ್ಳಿಹಬ್ಬ ಆಯ್ತಲ್ಲ ನಮ್ಮದು. ಒಂದ್ಸಲ ನೀವು ಹೇಳಿ ನೋಡೋಣ."

ಮಕ್ಕಳು ತಲೆ ತಗ್ಗಿಸಿ ನಗು ನುಂಗಿದರು. ಮಾತಿಯಸ್ ಹೆಂಡತಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದರು. ಅವರ ಊಟವನ್ನು ಕೊನ್ಸು ತಾನೇ ಕೂತು ತಿಂದಳು, ನಿಧಾನವಾಗಿ, ಲುಜಿಯಾಳ ಪಕ್ಕದಲ್ಲಿ.

ಮರುದಿನ ಮಧ್ಯಾಹ್ನ ಲುಜಿಯಾ ಚರ್ಚಿನ ಶಾಲೆಗೆ ಹೋದಳು. ಪಾಠ ಮುಗಿದಿತ್ತು. ಎವರಿಸ್ತ್ ಒಬ್ಬನೇ ಖಾಲಿ ಬೆಂಚುಗಳ ನಡುವೆ ತಂತಿ ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ.

"ನಾನು ಕ್ಷಮಿಸೋಕೂ ಬಂದಿಲ್ಲ, ಕ್ಷಮೆ ಕೇಳೋಕೂ ಬಂದಿಲ್ಲ," ಅಂದಳು. "ನೀನು ಹೇಳದೇ ಇದ್ದದ್ದು ತಪ್ಪೇ. ಯಾಕೆ ಮಾಡಿದೆ ಅಂತ ಮಾತ್ರ ಕೇಳ್ಬೇಕು. ಕನಿಕರಾನಾ?"

"ಅಲ್ಲ."

"ಮತ್ತೆ?"

ಅವನು ಕೈಯಲ್ಲಿದ್ದ ತಂತಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ.

"ವರ್ಷಗಟ್ಟಲೆ ಮದುವೆ ಮನೆಗಳಲ್ಲಿ ಮೈಕ್ ಹಿಡಿದಿದ್ದೀನಿ, ಲುಜಿಯಾ. ಹೇಳಿಕೊಟ್ಟಂತೆ ಹೊಗಳಿದ್ದೀನಿ. ಅವತ್ತು ನೀನು ಪಾತ್ರೆ ತೊಳೆಯೋಳ ಹೆಸರು ಹೇಳಿದಾಗ, ನನ್ನ ಮೈಕಲ್ಲಿ ಮೊದಲನೇ ಸಲ ಒಂದು ನಿಜವಾದ ಮಾತು ಕೇಳ್ದೆ. ಸಂತೋಷ ತಡೀಲಾರದೆ ನಗು ಬಂತು. ಹಿತ್ತಲಲ್ಲಿ ಅದನ್ನೇ ಹೇಳೋಕೆ ಬಂದೆ, ಬಾಯಿಂದ ಬೇರೇನೋ ಹೊರಟಿತು. ನೀನು ಬ್ಯಾಗ್ ಹಿಡ್ಕೊಂಡು ಹೋದೆ. ಈ ದನಿ ಎಲ್ಲೋ ದೂರ ಹೋಗ್ಬಿಡುತ್ತೆ ಅನ್ನಿಸ್ತು. ಮಾದ್ರಿನ್ ಮನೇಲಿದ್ರೆ ವಾರಕ್ಕೆ ಎರಡು ದಿನ ಆದ್ರೂ ಕೇಳ್ಬೋದು ಅಂತ..." ತಲೆ ಎತ್ತಿದ. "ಉಪಕಾರ ಅಲ್ಲ ಅದು. ಪೂರ್ತಿ ಸ್ವಾರ್ಥ."

ಲುಜಿಯಾ ಒಂದು ಬೆಂಚಿನ ಮೇಲೆ ಕೂತಳು.

"ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿನಗೆ?"

"ಋಣಕ್ಕೆ ಬಿದ್ದು ಹೂಂ ಅಂತೀಯೇನೋ ಅಂತ ಹೆದರಿದ್ದೆ. ಹಾಗೆ ಬರೋ ಹೂಂ ನನಗೆ ಬೇಡ."

"ನನ್ನನ್ನ ನೋಡಿದ್ರೆ ಹಾಗೆ ಹೂಂ ಅನ್ನೋಳ ತರ ಕಾಣ್ತೀನಾ?"

ಅವನು ಆ ದಿನ ಮೊದಲ ಸಲ ನಕ್ಕ. "ಇಲ್ಲ."

"ಇನ್ಮೇಲೆ ನನಗೆ ಸಂಬಂಧಪಟ್ಟಿದ್ದನ್ನ ನನಗೆ ಹೇಳ್ಬೇಕು. ನನಗೆ ಸಿಟ್ಟು ಬರುತ್ತೆ ಅಂತ ಗೊತ್ತಿದ್ರೂ ಹೇಳ್ಬೇಕು."

"ಹೇಳ್ತೀನಿ." ತಂತಿಯನ್ನು ಬೆಂಚಿನ ಮೇಲಿಟ್ಟ. "ಹಾಗಾದ್ರೆ ಈಗಲೇ ಒಂದು ಹೇಳ್ಬೇಕು. ನಿನ್ನನ್ನ ಮದುವೆ ಆಗ್ಬೇಕು ಅಂತ ಆಸೆ ಇದೆ. ಅವಸರ ಇಲ್ಲ. ಬೇಡ ಅಂದ್ರೂ ಕೋಣೆ ನಿನ್ನದೇ."

"ಕೋಣೆ ಬಿಬಿಯಾನಾದು. ಬಾಡಿಗೆ ನಾನು ಕೊಡ್ತೀನಿ."

"ಸರಿ, ತಪ್ಪಾಯ್ತು."

ಹೊರಗೆ ಮಕ್ಕಳು ಚೆಂಡಾಡುತ್ತಿದ್ದ ಗಲಾಟೆ. ಲುಜಿಯಾ ಎದ್ದು ಅವನ ಹತ್ತಿರ ಬಂದಳು. ತಂತಿ ಸುತ್ತಿ ಗೆರೆ ಮೂಡಿದ್ದ ಅವನ ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು.

"ಮೊದಲೇ ಹೇಳಿರ್ತೀನಿ ಎವರಿಸ್ತ್. ಥ್ಯಾಂಕ್ಸ್ ಹೇಳೋಕೆ ಅಂತ ನಾನು ಯಾರನ್ನೂ ಮದುವೆ ಆಗಲ್ಲ."

"ಗೊತ್ತು." ಅವನು ಅವಳ ಅಂಗೈಯನ್ನೇ ನೋಡಿದ. "ಮತ್ತೆ... ಯಾಕೆ ಆಗ್ತೀಯ?"

"ನೀನು ನನಗೆ ಬೇಕು," ಅಂದಳು ಲುಜಿಯಾ. "ಅದಕ್ಕೆ."